ಪಡುವಿಗೆ ಹಿಡಿಯಿರಿ ಎಂದ ಚಂದು ಮರಕಾಲ

ಗಂಗೊಳ್ಳಿಯ ಅಣ್ಣಪ್ಪ ತಾಂಡೇಲನ ಹೆಸರು ಹೇಳಿದರೆ ಆ ಕಾಲದಲ್ಲಿ ಕಾರವಾರದಿಂದ ಕಲ್ಲಿಕೋಟೆಯವರೆಗೆ ಮಂಜಿ ನಡೆಸುವವರು ಎದ್ದು ನಿಲ್ಲುತ್ತಿದ್ದರು. ಮಂಜಿಯೆಂದರೆ ಹಂಚು, ಅಕ್ಕಿ, ಉಪ್ಪು ಹೊತ್ತು ಹಾಯಿಯ ಬಲದಲ್ಲಿ ಓಡುವ ಮರದ ಹಡಗು; ತಾಂಡೇಲ ಅದರ ಯಜಮಾನ. ಭಟ್ಕಳದ ಎದುರು ಬಿರುಗಾಳಿ ಎದ್ದಾಗ ಈತ ದಡದ ಆಸೆ ಬಿಟ್ಟು ಮಂಜಿಯನ್ನು ಕಡಲಿನ ಹೊಟ್ಟೆಗೇ ನುಗ್ಗಿಸಿದ. ಸಾಹುಕಾರನ ಹಂಚನ್ನೆಲ್ಲ ನೀರಿಗೆ ಸುರಿದು ಆಳುಗಳನ್ನು ಜೀವಸಹಿತ ಮನೆಗೆ ತಂದ. ಅವನ ಮಗ ಸೋಮ ಮರಕಾಲ, ಅಳಿವೆಯ ಬಾಯಲ್ಲಿ ಮಗುಚಿದ ದೋಣಿಗೆ ಹಗ್ಗ ಕಚ್ಚಿಕೊಂಡು ಈಜಿದವನು. ಆ ಸೋಮನ ಮಗನೇ ನಮ್ಮ ಚಂದು.

ಆ ಮನೆಯಲ್ಲಿ ಮೂರು ತಲೆಯಿಂದ ಒಂದು ಕಟ್ಟಳೆ ನಡೆದು ಬಂದಿತ್ತು: ಗಾಳಿ ಕೆಟ್ಟರೆ ಪಡುವಿಗೆ. ದೋಣಿ ಒಡೆಯುವುದು ದಡದ ಅಲೆಯಲ್ಲಿ, ನಡುನೀರಿನಲ್ಲಲ್ಲ. ನಮ್ಮ ಕರಾವಳಿಯಲ್ಲಿ ಕಡಲಿರುವುದು ಪಡುವಣಕ್ಕೆ ತಾನೆ? ಹೀಗಾಗಿ ಅವರ ಬಾಯಲ್ಲಿ ಪಡು ಎಂದರೇ ಕಡಲು. ‘ಪಡುವಿಗ್ ಹೋಯಿದ’ ಎಂದರೆ ಗಂಡಸು ಕಡಲಿಗೆ ಇಳಿದಿದ್ದಾನೆ ಎಂದೇ ಹೆಂಗಸರು ತಿಳಿಯುತ್ತಿದ್ದರು.

ಮಂಜಿಯ ಸರಕನ್ನೆಲ್ಲ ಲಾರಿಗಳು ನುಂಗಿದ ಮೇಲೆ, ಐವತ್ತೆರಡರ ಸುಮಾರಿಗೆ, ಚಂದು ಹೆಂಡತಿ ಜಲಜಾಳನ್ನು ಕಟ್ಟಿಕೊಂಡು ಮದರಾಸಿಗೆ ಬಂದ. ತಂಬುಚೆಟ್ಟಿ ಬೀದಿಯಲ್ಲಿ ನಮ್ಮ ಕಡೆಯ ಕಿಟ್ಟಣ್ಣನ ಹೋಟೆಲಿತ್ತು. ಬಂದರಿನೊಳಗಿನ ಒಂದು ಹಾಯಿದೋಣಿ ಕ್ಲಬ್ಬಿಗೆ ಕಾಫಿ ತಿಂಡಿ ಹೋಗುತ್ತಿದ್ದುದು ಅಲ್ಲಿಂದಲೇ. ಕಿಟ್ಟಣ್ಣ ಒಂದು ಮಾತು ಹೇಳಿ, ದೋಣಿ ಕಾಯುವ ಕೆಲಸಕ್ಕೆ ಚಂದುವನ್ನು ಸೇರಿಸಿದ. ಅಲ್ಲಿಗೆ ಬರುವವರು ಆಫೀಸುಗಳ ಜನ. ಹೊಟ್ಟೆಪಾಡಿಗಲ್ಲ, ಭಾನುವಾರದ ಖುಷಿಗೆ ಹಾಯಿ ಬಿಚ್ಚುವವರು.

ಖುಷಿಗೆ ಹೋದರೂ ಕಡಲು ಕಡಲೇ ಅಲ್ಲವೆ? ಚಂದು ಎಲ್ಲ ದೋಣಿಗಳ ಚುಕ್ಕಾಣಿ ಕಳಚಿ ತನ್ನ ಕೊಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದ. ದೋಣಿ ನಡೆಸುವವನು ಎದುರು ನಿಂತು, ಎಲ್ಲಿಗೆ ಹೋಗುತ್ತೇನೆ, ಯಾವಾಗ ಬರುತ್ತೇನೆ, ಗಾಳಿ ಕೆಟ್ಟರೆ ಏನು ಮಾಡುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕು. ಕುಡಿಯುವ ನೀರು, ಹುಟ್ಟು, ತೇಲುಬೆಂಡುಗಳನ್ನು ಕಣ್ಣಿಗೆ ತೋರಿಸಬೇಕು. ಚಂದು ಹೇಳಿದ ಬುದ್ಧಿಮಾತನ್ನು ತಿರುಗಿ ಒಪ್ಪಿಸಬೇಕು. ಆಮೇಲೆ ಚುಕ್ಕಾಣಿ. ದೊಡ್ಡ ದೊಡ್ಡ ಅಧಿಕಾರಿಗಳು ಹಲ್ಲು ಕಡಿದರೂ ಇವನು ಜಗ್ಗುತ್ತಿರಲಿಲ್ಲ.

ಇದನ್ನು ಸಂತೋಷದಿಂದ ಒಪ್ಪಿಸುತ್ತಿದ್ದವನು ತಿರುಮಲನೊಬ್ಬನೇ. ತಿರುವಲ್ಲಿಕ್ಕೇಣಿಯ ಮಾಧ್ವರ ಮನೆಯವನು, ವಿಮಾ ಆಫೀಸಿನಲ್ಲಿ ಕೆಲಸ. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದು ಮನೆಯ ಕನ್ನಡಕ್ಕೆ ತಮಿಳು ಬೆರೆತುಹೋಗಿತ್ತು. ಚಂದುವಿನ ಮಾತು ಕೇಳಲೆಂದೇ ಕೊಟ್ಟಿಗೆಯ ಬಾಗಿಲಲ್ಲಿ ಕೂರುತ್ತಿದ್ದ.

ಐವತ್ತೊಂಬತ್ತರ ಮಾಘದಲ್ಲಿ ಒಂದು ಭಾನುವಾರ ತಿರುಮಲ ಆಫೀಸಿನ ಗೆಳೆಯ ನಂಜುಂಡನನ್ನು ಕರೆದುಕೊಂಡು ಬಂದ.

“ಹ್ವಾಯ್ ರಾಯ್ರೆ, ಎಲ್ಲಿಗ್ ಹೊರ್ಟ್ರಿ? ಹೇಳಿ ಕಾಂಬ.”

“ಕೋವಳಂ ತನಕ ಕಣಪ್ಪಾ. ಸಾಯಂಕಾಲ ತಿರುಂಬಿ ಬಂದ್ಬಿಡ್ತೀವಿ. ಪರೀಕ್ಷೆ ಪಾಸಾ? ಚುಕ್ಕಾಣಿ ಎಡು.”

“ಪಾಸಾಗ್ಲಿಲ್ಲೆ. ಗಾಳಿ ಕೆಟ್ರೆ ಎಂತ ಮಾಡ್ತ್ರಿ?”

“ಗುರು ನೀನು, ನೀನೇ ಹೇಳು.”

“ಹೆಚ್ಚ್ ಆಲೋಚ್ನಿ ಮಾಡೂಕಾಗ. ಸೀದಾ ಪಡುವಿಗೆ ಹಿಡೀರಿ.”

“ಪಡುವಿಗೆ! ಕೇಳ್ಕೊಂಡ್ಯಾ ನಂಜುಂಡ? ನಮ್ಮಜ್ಜಿ ಹೋದ್ಮೇಲೆ ಇಂಥ ಕನ್ನಡ ಇವನ ಬಾಯಲ್ಲೇ. ಶರಿ ಗುರುವೇ, ಗಾಳಿ ಕೆಟ್ರೆ ಪಡುವಿಗೆ.”

ಮಾತು ತಪ್ಪಿಲ್ಲದೆ ತಿರುಗಿ ಬಂತು. ಚಂದು ಚುಕ್ಕಾಣಿ ಕೊಟ್ಟ.

ಮಧ್ಯಾಹ್ನ ಗಾಳಿ ಈಶಾನ್ಯಕ್ಕೆ ತಿರುಗಿ ಹುಚ್ಚೆದ್ದು ಬೀಸಿತು. ಕಡಲಿನಿಂದ ದಡಕ್ಕೆ ನೂಕುವ ಗಾಳಿ. ಮದರಾಸಿನ ಮರಳಿನ ಮೇಲೆ ಅಲೆ ಒಡೆಯುವ ಸದ್ದು ಬಂದರಿನೊಳಗೂ ಕೇಳುತ್ತಿತ್ತು. ಚಂದುವಿಗೆ ಅಂಥ ಗಾಬರಿ ಇರಲಿಲ್ಲ. ತಿರುಮಲ ಹೊರಗೆ ಆಳದಲ್ಲಿ ಹಾಯಿ ಕಿರಿದು ಮಾಡಿಕೊಂಡು ಗಾಳಿಗೆ ಎದೆಕೊಟ್ಟು ನಿಂತಿರುತ್ತಾನೆಂದು ಅವನ ನಂಬಿಕೆ. ಯಂತ್ರದ ದೋಣಿಯವರನ್ನು ಕಾಡಿಬೇಡಿ ಹೊರಡಿಸಿ, ದಾರಿ ತೋರಿಸುತ್ತ ಕಡಲಿನ ಕಡೆಗೇ ಕರೆದೊಯ್ದ. ಕತ್ತಲೆ ಕವಿಯುವವರೆಗೂ ಹುಡುಕಿದರು. ಅಷ್ಟು ಹೊತ್ತಿಗೆ ತಿರುಮಲನ ದೋಣಿ ತಿರುವಾನ್ಮಿಯೂರಿನ ದಡದ ಅಲೆಯಲ್ಲಿ ಹಪ್ಪಳದಂತೆ ಮುರಿದಿತ್ತು. ಬೆಸ್ತರು ನಂಜುಂಡನನ್ನು ಎಳೆದುಕೊಂಡರು. ತಿರುಮಲನ ಹೆಣ ಮರುದಿನ ಮರಳಿಗೆ ಬಂತು.

ಕ್ಲಬ್ಬಿನ ದೊಡ್ಡವರು ಕೂತು ತೀರ್ಮಾನಿಸಿದರು. ಅಂಥ ಗಾಳಿಯಲ್ಲಿ ದೋಣಿಯನ್ನು ದಡಕ್ಕೆ ತಿರುಗಿಸಿದ್ದು ಶುದ್ಧ ಅವಿವೇಕ. ದೋಣಿಗೆ ನಡೆಸುವವನೇ ಹೊಣೆ. ತಪ್ಪು ತಿರುಮಲನದು. ಚಂದುವಿಗೂ ಹಾಗೇ ಅನ್ನಿಸಿತು. ಹೇಳಿ ಕಳಿಸಿದ್ದೆನಲ್ಲ, ಯಾಕೆ ಹೀಗೆ ಮಾಡಿದರು? ತಡೆಯಲಾರದೆ ಆಸ್ಪತ್ರೆಗೆ ಹೋಗಿ ನಂಜುಂಡನನ್ನು ಕೇಳಿದ.

“ಎಂತಕ್ಕೆ ಹಂಗ್ ಮಾಡಿದ್ರಿ? ಪಡುವಿಗೆ ಹಿಡೀರಿ ಅಂದಿದ್ನಲೆ ನಾನ್?”

ನಂಜುಂಡ ಎದ್ದು ಕೂತ. “ಹಿಡಿದ್ವಲ್ಲಪ್ಪಾ! ಅಲೆ ನೋಡಿ ನಂಗೆ ಭಯ. ಬೇಡ ತಿರುಮಲ, ಹೊರಗೇ ಇರೋಣ ಅಂದೆ. ಇಲ್ಲ ಕಣೋ, ಚಂದು ಹೇಳಿದ್ದಾನೆ, ಪಡು ಅಂದ್ರೆ ಪಶ್ಚಿಮ, ಅವನಿಗೆ ಗೊತ್ತಿಲ್ದೆ ಇರತ್ತಾ ಅಂತ ಕಂಪಾಸ್ ನೋಡ್ಕೊಂಡು ನೇರ ತಿರುಗಿಸ್ಬಿಟ್ಟ.”

ಚಂದು ಮಂಚದ ಸರಳು ಹಿಡಿದು ನಿಂತ. ಮದರಾಸಿನಲ್ಲಿ ಕಡಲಿರುವುದು ಮೂಡಣಕ್ಕೆ. ಏಳು ವರ್ಷ ಅಲ್ಲಿ ಸೂರ್ಯ ನೀರಿನಿಂದ ಹುಟ್ಟುವುದನ್ನು ದಿನವೂ ಕಂಡವನು. ಆದರೂ ಅವನ ನಾಲಗೆ ಗಂಗೊಳ್ಳಿಯಲ್ಲೇ ಇತ್ತು.

ಅವನಿಗೆ ಆಗ ಇದ್ದದ್ದು ಒಂದೇ ಹಟ. ಸತ್ತವನ ತಲೆಯ ಮೇಲಿಂದ ತಪ್ಪನ್ನು ಇಳಿಸಬೇಕು. ಮೊದಲು ಕಿಟ್ಟಣ್ಣನಿಗೆ ಹೇಳಿದ. ಕಿಟ್ಟಣ್ಣ ಕೆಟ್ಟವನಲ್ಲ. ಬಡವನ ಕೆಲಸ ಹೋಗುತ್ತದೆ, ಪೊಲೀಸರು ಹಿಡಿದಾರು ಎಂದು ಹೆದರಿ, ಇವನಿಗಿಂತ ಮೊದಲೇ ಕ್ಲಬ್ಬಿಗೆ ಓಡಿದ. ದುಃಖದಲ್ಲಿ ಚಂದುವಿಗೆ ತಲೆ ಸ್ವಲ್ಪ ಕೆಟ್ಟಿದೆ, ಏನಾದರೂ ಬಡಬಡಿಸಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಕೈಮುಗಿದ. ನಂಜುಂಡನಿಗೂ ಬಾಯಿ ಮುಚ್ಚಿಕೊಂಡಿರಲು ಹೇಳಿ ಬಂದ. ಕ್ಲಬ್ಬಿನವರಿಗೂ ಅದೇ ಬೇಕಾಗಿತ್ತು. ತಮ್ಮ ಜನರ ಜೀವ ದೋಣಿ ಕಾಯುವವನ ಒಂದು ಮಾತಿನ ಮೇಲೆ ನಿಂತಿತ್ತೆಂದು ಒಪ್ಪಿಕೊಳ್ಳಲು ಯಾರಿಗೆ ಮನಸ್ಸಿದ್ದೀತು? ಚಂದು ಬಂದು ಹೇಳಿಕೊಂಡಾಗ ಬೆನ್ನು ತಟ್ಟಿ, ರಜೆ ತೊಗೋ ಹೋಗು ಎಂದರು.

ಅಲ್ಲಿಂದ ತಿರುಮಲನ ಹೆಂಡತಿ ರಮಾಬಾಯಿಯ ಮನೆಗೆ ನಡೆದ. ಹೊಸ್ತಿಲ ಹೊರಗೆ ನಿಂತು ಎಲ್ಲವನ್ನೂ ಹೇಳಿದ. ಆಕೆ ಮಜ್ಜಿಗೆ ತಂದಿಟ್ಟಳು.

“ಕಿಟ್ಟಣ್ಣ ಬಂದು ಎಲ್ಲಾ ಹೇಳಿದ್ರಪ್ಪಾ, ದುಃಖದಲ್ಲಿ ನೀನು ಹೀಗೆ ಏನೇನೋ ಮಾತಾಡ್ತೀಯಾ ಅಂತ. ನೀನ್ಯಾಕೆ ನಿನ್ನ ಮೇಲೆ ಹಾಕ್ಕೋತೀಯಾ? ಅವರಿಗೇ ಯಾವಾಗ್ಲೂ ಅವಸರ. ಯಾರ ಮಾತು ಕೇಳ್ತಿದ್ರು? ಮಕ್ಕಳ ನೆನಪೂ ಬರಲಿಲ್ಲವಲ್ಲ.”

“ನನ್ ಮಾತ್ ಕೇಂಡ್ರ್ ಅಮ್ಮಾ! ಕೇಂಡದ್ದಕ್ಕೇ...”

“ಕುಡಿ, ಕುಡಿ. ಬಿಸಿಲಲ್ಲಿ ಬಂದಿದ್ದೀಯಾ.”

ಮಜ್ಜಿಗೆ ಮುಟ್ಟದೆ ಬಂದ. ಮತ್ತೊಮ್ಮೆ ಹೋದ, ಮಗದೊಮ್ಮೆ ಹೋದ. ಕೊನೆಗೆ ಆ ಮನೆಯವರು ಇವನನ್ನು ಕಂಡರೆ ಬಾಗಿಲು ಹಾಕತೊಡಗಿದರು. ‘ಕುಟುಂಬಸ್ಥ ಶೋಕಿಗೆ ಹೋಗಿ ಸತ್ತ’ ಎಂಬ ಮಾತು ತಿರುವಲ್ಲಿಕ್ಕೇಣಿಯಲ್ಲಿ ಗಟ್ಟಿಯಾಯಿತು. ಅದನ್ನೇ ಕೇಳುತ್ತ ತಿರುಮಲನ ಮಕ್ಕಳು ಬೆಳೆದರು.

ಚಂದು ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಬಂದರಿನ ಆಚೆಯ ರಾಯಪುರದ ದಡದಲ್ಲಿ ಹಳೆ ಹಗ್ಗ ಬಿಚ್ಚಿ ಹೊಸೆಯುತ್ತ ಗುಡಿಸಲು ಹಿಡಿದ. ದಾರಿ ಕೇಳಿದವರಿಗೂ ಬಾಯಲ್ಲಿ ದಿಕ್ಕು ಹೇಳುತ್ತಿರಲಿಲ್ಲ, ಕೈ ತೋರಿಸುತ್ತಿದ್ದ. ಜಲಜಾ ಅತ್ತು ಕರೆದು ಸೋತು ಊರಿಗೆ ಹೋದಳು. ಚಂದುವಿನ ಕಣ್ಣಿಗೆ ಪೊರೆ ಬಂತು.

ಅರವತ್ತಾರರಲ್ಲಿ ಕಿಟ್ಟಣ್ಣ ಹುಡುಕಿಕೊಂಡು ಹೋದ. ಗುಡಿಸಲಿನ ಸ್ಥಿತಿ ಕಂಡು ಬಾಗಿಲಲ್ಲೇ ನಿಂತು ಕರೆದ.

“ಏಳ್ ಮಾರಾಯ. ಹೋಟ್ಲ್ ಹಿಂದ್ ಒಂದ್ ಕೋಣಿ ಖಾಲಿ ಇತ್ತ್. ಎರ್ಡ್ ಹೊತ್ತ್ ಊಟ, ಕಣ್ಣಿಗೆ ಆಪರೇಶನ್, ಎಲ್ಲಾ ನಾನ್ ಕಾಣ್ತೆ. ಜಲಜನ್ನೂ ಕರ್ಸುವ.”

ಚಂದು ಹಗ್ಗದ ಎಳೆ ಬಿಡಿಸುತ್ತಲೇ ಇದ್ದ.

“ಬ್ಯಾಡ ಕಿಟ್ಟಣ್ಣ. ನಂಗೆ ತಲಿ ಸಮಾ ಇತ್ತ್ ಅಂದ್ ರಮಾಬಾಯಿ ಅಮ್ಮನ್ ಹತ್ರ ಹೋಯಿ ಹೇಳ್ತ್ರ್ಯಾ? ಹೇಳುದಿಲ್ಲೆ. ಗೊತ್ತಿತ್ತ್ ನಂಗೆ. ಅವತ್ತ್ ನನ್ನನ್ನ್ ಉಳ್ಸುಕೆ ಅಂದ್ ಹೋಯಿ ತಿರುಮಲ ರಾಯ್ರನ್ನ್ ಎರಡ್ನೇ ಸಲ ಮುಳುಗ್ಸಿದ್ರಿ. ಇನ್ನೊಂದ್ ಸಲ ನನ್ನ್ ಉಳ್ಸುದ್ ಬ್ಯಾಡ, ನೀವ್ ಹೋಯ್ನಿ.”