ನಾನು ಬೇಡಿದ್ದು ಅತ್ತೆಯ ಬಾಯಿ ಮುಚ್ಚಲಿ ಎಂದು

ಮಾದಪ್ಪನ ಒಕ್ಕಲಿನ ಬಂಧುಗಳಿಗೆ ಶರಣು. ಹೇಳಲು ನಾಚಿಕೆಯಾಗುವ ಮಾತನ್ನೇ ಮೊದಲು ಬರೆದುಬಿಡುತ್ತೇನೆ. ಕಳೆದ ಕಾರ್ತಿಕದ ಒಂದು ಭಾನುವಾರ ಸಂಜೆ ನಾನು ದೇವರ ಮುಂದೆ ನಿಂತು, "ಮಾದಪ್ಪಾ, ಇವರ ಬಾಯಿ ಮುಚ್ಚಿಸಪ್ಪ" ಎಂದು ಬೇಡಿಕೊಂಡೆ. ಮರುದಿನ ಬೆಳಿಗ್ಗೆ ನನ್ನ ಅತ್ತೆಯ ಮಾತು ನಿಂತುಹೋಯಿತು.

ನಾವಿರುವುದು ಚಾಮರಾಜನಗರದಲ್ಲಿ. ನಾನು ಬಿ.ಎಸ್ಸಿ. ಓದಿದವಳು. ಅತ್ತೆ ಗೌರಮ್ಮ ಉಡಿಗಾಲದವರು, ಅಂಗನವಾಡಿ ಟೀಚರ್ ಆಗಿದ್ದವರು. ಆ ಭಾನುವಾರ ಗುಂಡ್ಲುಪೇಟೆಯಿಂದ ನನ್ನ ಅಮ್ಮ ಬಂದಿದ್ದರು. ಊಟಕ್ಕೆ ಕೂತಾಗ ಅತ್ತೆ, "ನಿಮ್ ಮಗ್ಳು ಡಿಗ್ರಿ ಮಾಡವ್ಳೆ ಕಣಮ್ಮ, ಸಾರೊಂದು ಮಾಡಕ್ ಬರಕಿಲ್ಲ" ಎಂದರು. ಅಮ್ಮ ಮಜ್ಜಿಗೆಗೂ ಕಾಯದೆ ಎದ್ದು ಬಸ್ಸಿಗೆ ಹೊರಟರು. ಆಮೇಲೆ ಬೀದಿಗೆ ಕೇಳುವಂತೆ ನಮ್ಮಿಬ್ಬರ ಜಗಳ ನಡೆಯಿತು.

ಸೋಮವಾರ ಪೂಜೆ ಮುಗಿಯುವವರೆಗೆ ಅತ್ತೆ ಯಾರೊಂದಿಗೂ ಮಾತಾಡುವುದಿಲ್ಲ. ಅದು ಅವರ ವ್ರತ. ದೇವರ ಮುಂದೆ ಮೆಲ್ಲಗೆ ಮಂತ್ರ ಹೇಳಿಕೊಂಡು, ಆರತಿ ಎತ್ತಿ "ಉಘೇ ಮಾದಪ್ಪ" ಎಂದು ಕೂಗಿದರೆ ಮೌನ ಮುಗಿಯಿತೆಂದು ಅರ್ಥ. ಅವತ್ತು ಗಂಟೆ ಕೇಳಿತು, ಉಘೇ ಕೇಳಲಿಲ್ಲ. ಜಗಳದ ಹಟ ಇನ್ನೂ ಮುಗಿದಿಲ್ಲ ಅಂದುಕೊಂಡು ಕಾಫಿ ಲೋಟ ಕುಕ್ಕಿ ಇಟ್ಟೆ. ಅವರು ಬಾಯಿ ತೋರಿಸಿ ಕೈ ಆಡಿಸಿದರು. ನಾಟಕ ಎಂದು ಬಟ್ಟೆ ಒಗೆಯಲು ಹೋದೆ. ಆ ಮುಕ್ಕಾಲು ಗಂಟೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಪಕ್ಕದ ಮನೆಯ ಪುಟ್ಟತಾಯಮ್ಮ ಹೂ ಕೊಡಲು ಬಂದವರು, "ಏನ್ ಗೌರಕ್ಕ, ಇನ್ನೂ ಮೌನ್ವೇ?" ಎಂದು ನಗುತ್ತಾ ಕೇಳಿದರು. ಅತ್ತೆಯ ಕಣ್ಣಲ್ಲಿ ನೀರು ನೋಡಿ ನನ್ನ ಕಡೆ ತಿರುಗಿದರು.

"ನಿನ್ನೆ ಜಗಳ ನಮ್ಮನ್ಗೂ ಕೇಳುಸ್ತು. ಏನ್ ತಿನ್ಸುದೆ ಅಮ್ಮಿ ಇವ್ಳ್ಗೆ?"

"ಏನ್ ಮಾತು ಅಂತ ಆಡ್ತೀರಿ?"

"ಯಾರೋ ಬಾಯ್ ಕಟ್ಬುಟ್ಟವ್ರೆ. ಉಮ್ಮತ್ತೂರ್ ದಾರೀಲಿ ತಾಯತ ಕಟ್ಟೋರು ಒಬ್ರವ್ರೆ, ಓಗನ. ಆಟೋ ಕರಿ."

ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆಗೆ ಕೆಲಸಕ್ಕೆ ಹೋಗಿದ್ದ ನನ್ನ ಗಂಡನಿಗೆ ಫೋನ್ ಮಾಡಿದೆ. ಅವರೂ ಮೊದಲು ಕೇಳಿದ್ದು, "ಅವ್ವಂಗೆ ನೀನೇನ್ ಅಂದೆ?"

ವಿಜ್ಞಾನ ಓದಿದ ನಾನು ಆ ತಾಯತಕ್ಕೆ ಅರ್ಧ ಒಪ್ಪಿಬಿಟ್ಟಿದ್ದೆ. ಬಾಯಿ ಕಟ್ಟಿದವಳು ನಾನೇ, ಬೇಡಿಕೊಂಡೇ ಕಟ್ಟಿದ್ದೇನೆ, ಇದಕ್ಕೆ ಡಾಕ್ಟರು ಏನು ಮಾಡಿಯಾರು ಎಂಬ ಭಯ. ನೆರೆಯವರು ನನ್ನನ್ನು ಅನುಮಾನಿಸಿದರು, ನಾನು ಮಾದಪ್ಪನನ್ನೇ ಅನುಮಾನಿಸಿದೆ. ಕೆಟ್ಟದ್ದು ಕೇಳಿದರೆ ಕೆಟ್ಟದ್ದನ್ನೇ ಕೊಡುವವನೇ ನೀನು? ಆಟೋ ಬಾಗಿಲಿಗೆ ಬಂದಾಗ ದೇವರ ಕೋಣೆಗೆ ಓಡಿ, "ನಿನ್ನೆ ಕೇಳಿದ್ದು ಬೇಡ, ದಾರಿ ತೋರಿಸು" ಎಂದು ಅತ್ತು, ತೀರ್ಥ ತಂದು ಅತ್ತೆಯ ಬಾಯಿಗೆ ಬಿಟ್ಟೆ.

ತೀರ್ಥ ಒಳಗೆ ಹೋಗಲಿಲ್ಲ. ತುಟಿಯ ಬಲಗಡೆಯಿಂದ ಸೋರಿ ಸೆರಗಿಗೆ ಇಳಿಯಿತು. ಆಗ ಅವರ ಮುಖವನ್ನು ಸರಿಯಾಗಿ ನೋಡಿದೆ. ಬಲತುಟಿ ಜೋತುಬಿದ್ದಿತ್ತು. ಆಟೋದವನಿಗೆ, "ದೊಡ್ಡಾಸ್ಪತ್ರೆಗೆ ನಡಿಯಪ್ಪ" ಎಂದೆ. ಪುಟ್ಟತಾಯಮ್ಮ ಗೊಣಗುತ್ತಲೇ ಜೊತೆಗೆ ಹತ್ತಿದರು. ನನ್ನ ಮೇಲೆ ಕಣ್ಣಿಡುವುದಕ್ಕೇ ಇರಬೇಕು.

ಸ್ಕ್ಯಾನ್ ಮಾಡಿಸಿದ ಡಾಕ್ಟರು, "ಕೊನೆಯ ಸಲ ಚೆನ್ನಾಗಿ ಮಾತಾಡಿದ್ದು ಯಾವಾಗ?" ಎಂದರು.

"ನಿನ್ನೆ ರಾತ್ರಿ. ಬೆಳಿಗ್ಗೆ ವ್ರತ."

ಅವರ ಮುಖ ಸಪ್ಪಗಾಯಿತು. "ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆ ದಾಟಿರಬಾರದಮ್ಮ. ಯಾವಾಗ ಶುರುವಾಯ್ತು ಅಂತ ಗೊತ್ತಿಲ್ಲದೆ ಹೇಗೆ ಕೊಡಲಿ? ಪೆನ್ನು ಕೊಟ್ಟು ನೋಡಿದ್ರಾ?"

ಕೊಟ್ಟಿರಲಿಲ್ಲ. ಅಷ್ಟೊಂದು ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈಗೆ ನಾವ್ಯಾರೂ ಪೆನ್ನು ಕೊಟ್ಟಿರಲಿಲ್ಲ. ಅತ್ತೆ ಡಾಕ್ಟರ ಪೆನ್ನು ಕಿತ್ತುಕೊಂಡು ದುಂಡಗೆ ಬರೆದರು: "ಏಳಕ್ಕೆ ಮಂತ್ರ ಹೇಳಿದೆ. ಆರತಿಗೆ ಉಘೇ ಬರಲಿಲ್ಲ. ಸೊಸೆಯದೇನೂ ತಪ್ಪಿಲ್ಲ."

ಡಾಕ್ಟರು ಗಡಿಯಾರ ನೋಡಿದರು. ಒಂಬತ್ತೂಕಾಲು. "ಸಮಯ ಇದೆ" ಎಂದು ಇಂಜೆಕ್ಷನ್ ಕೊಡಿಸಿದರು.

ಪುಟ್ಟತಾಯಮ್ಮ ಮಾತ್ರ ಇನ್ನೂ ಅನುಮಾನದಲ್ಲೇ ಇದ್ದರು. "ಬಾಯ್ ಕಟ್ದೋರು ಕೈ ಕಟ್ಟದ್ ಮರ್ತ್ಬುಟ್ರಾ?"

ಇದಕ್ಕೆ ಅಫೀಮಿಯಾ ಅನ್ನುತ್ತಾರಂತೆ. ಮೆದುಳಿನ ಒಂದು ಚಿಕ್ಕ ಜಾಗಕ್ಕೆ ರಕ್ತ ಹೋಗುವುದು ನಿಂತರೆ ಎಲ್ಲ ಅರ್ಥವಾಗುತ್ತದೆ, ಬರೆಯಲೂ ಬರುತ್ತದೆ, ಮಾತು ಮಾತ್ರ ಹೊರಡುವುದಿಲ್ಲ. ಬಹಳ ಅಪರೂಪ ಎಂದರು ಡಾಕ್ಟರು. ಆ ಅಪರೂಪವನ್ನೇ ನಾನು ಕೃಪೆ ಅನ್ನುವುದು.

ಹನ್ನೆರಡು ದಿನ ಅತ್ತೆ ನೋಟ್ ಬುಕ್ಕಿನಲ್ಲೇ ನನ್ನ ಸಾರಿಗೆ ಉಪ್ಪು ಕಮ್ಮಿ ಎಂದು ಬರೆದರು. ಹದಿಮೂರನೆಯ ದಿನ ತೊದಲು ಮಾತು ಬಂತು. ಅವರ ಕಾಲ ಬಳಿ ಕೂತು ಭಾನುವಾರದ ಬೇಡಿಕೆಯನ್ನು ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ತುಟಿ ಸೊಟ್ಟ ಮಾಡಿ ನಕ್ಕರು.

"ನಾನೂ... ಅವತ್ತು... ಅದ್ನೇ ಕೇಳ್ಕಂಡಿದ್ದೆ ಕಣಮ್ಮಿ. ನಿನ್ ಬಾಯ್ ಮುಚ್ಸು ಅಂತ."

ಮಾದಪ್ಪ ಆ ಎರಡನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ಈಗ ನಂಬಿದ್ದೇನೆ. ಅವನು ಕೇಳಿಸಿಕೊಂಡದ್ದು ಆಟೋ ಬಂದು ಬಾಗಿಲಲ್ಲಿ ನಿಂತಿದ್ದಾಗ ನಾನು ಅತ್ತು ಕೇಳಿದ್ದನ್ನು. ಆದರೂ ಸೋಮವಾರ ಬೆಳಿಗ್ಗೆ ಪೂಜೆಯ ಗಂಟೆ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ದೇವರ ಕೋಣೆಯ ಬಾಗಿಲಲ್ಲಿ ನಿಲ್ಲುತ್ತೇನೆ. "ಉಘೇ ಮಾದಪ್ಪ" ಎಂದು ಅತ್ತೆಯ ಸೊಟ್ಟ ದನಿ ಕೇಳಿದ ಮೇಲೆಯೇ ಕಾಫಿಗೆ ಹಾಲು ಇಡುವುದು.