ಹೆಣ್ಣು ನೋಡಲು ಹೊರಟ ಹಳೇ ಕಾರು

"ಸೆಕೆಂಡ್ ಗೇರ್ ಹಾಕಿ ಕ್ಲಚ್ ಒತ್ಕೊಳಿ ಸಾರ್. ನಾನು ಹೂಂ ಅಂದಾಗ ಬಿಡಿ," ಎಂದು ಹೂವಿನ ಅಂಗಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ನನ್ನ ಕಾರು ತಳ್ಳಲು ಹಿಂದಿನಿಂದ ಕೈ ಹಚ್ಚಿದಳು.

ನನಗಿಂತ ವಯಸ್ಸಾದ ಆ ಕಾರು, ಹೆಣ್ಣು ನೋಡಲು ಹೊರಟ ದಿನವೇ ಬಸವೇಶ್ವರನಗರದ ತಿರುವಿನಲ್ಲಿ ನಿಂತುಬಿಟ್ಟಿತ್ತು. ನನ್ನ ಅರ್ಧ ಸಂಬಳ ಅದರ ರಿಪೇರಿಗೆ, ಉಳಿದರ್ಧ ತಳ್ಳಿದವರ ಟೀಗೆ. ಹಣ್ಣಿನ ತಟ್ಟೆ ಹಿಡಿದು ಕೂತಿದ್ದ ಅಮ್ಮ, "ಈ ಡಬ್ಬಾ ನೋಡಿದ್ರೆ ಯಾರೋ ನಿಂಗೆ ಹೆಣ್ಣು ಕೊಡ್ತಾರೆ?" ಎಂದು ಗೊಣಗಿದರು.

ಕನ್ನಡಿಯಲ್ಲಿ ಅವಳ ಬಗ್ಗಿದ ತಲೆ, ಮಲ್ಲಿಗೆ, ಸಂಜೆ ಬಿಸಿಲಷ್ಟೇ ಕಂಡವು. ಕಾರು ಮೋಡದಂತೆ ಸದ್ದಿಲ್ಲದೆ ತೇಲಿತು. ಮೈಮರೆತ ನಾನು ಅವಳ 'ಹೂಂ' ಕೇಳಿಸಿಕೊಳ್ಳದೆ, ನಾಲ್ಕು ಮನೆ ದಾಟಿದ ಮೇಲೆ ಕ್ಲಚ್ ಬಿಟ್ಟೆ. ಎಂಜಿನ್ ಗುಡುಗಿತು. ಮತ್ತೆಲ್ಲಿ ನಿಂತೀತೋ ಎಂದು ಥ್ಯಾಂಕ್ಸ್ ಕೂಡ ಹೇಳದೆ ಪರಾರಿಯಾದೆ.

ವಿಳಾಸ ಹುಡುಕಿ ಹೋಗಿ ಕೂತರೆ, ಕಾಫಿ ತಂದವಳ ಅಂಗೈಯಲ್ಲಿ ನನ್ನ ಕಾರಿನ ಮಸಿ. ಅಮ್ಮ ಕಣ್ಣು ಮುಚ್ಚಿಕೊಂಡರು. ಲೋಟ ಕೊಡುತ್ತಾ ಅವಳು ಮೆಲ್ಲಗೆ, "ಮುಂದಿನ್ ಸಲ ಬಂದಾಗ ಮೇಲಿನ ರಸ್ತೇಲಿ ನಿಲ್ಸಿ. ಅಲ್ಲಿ ಇಳಿಜಾರಿದೆ," ಎಂದಳು.

ಈಗ ಭಾನುವಾರಗಳಲ್ಲಿ ಕಾರು ಆ ಇಳಿಜಾರಲ್ಲೇ ನಿಲ್ಲುತ್ತದೆ. ಹೊರಡುವಾಗ ಒಂದು ಸಣ್ಣ ನೂಕು ಸಾಕು. ಅದಕ್ಕೆಂದೇ ಅವಳು ಅಲ್ಲಿಯವರೆಗೂ ಜೊತೆಗೆ ಬರುತ್ತಾಳೆ. ಹೊಸ ಬ್ಯಾಟರಿ ಹಾಕಿಸುವಷ್ಟು ಪೆದ್ದ ನಾನಲ್ಲ.