ಗೋಡೆಯಾಚೆಯ ಗಣಿತ

ಅವನು ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದ ಅಟೆಂಡರ್. ಕೆಲಸಕ್ಕೆ ಸೇರಿದ ದಿನ ಕೊಟ್ಟ ಕಾಗದದಲ್ಲಿ ‘ಪ್ರಯೋಗಾಲಯ ಸಹಾಯಕ’ ಎಂದಿತ್ತು. ಆ ಕಾಗದವನ್ನು ಅವನ ತಾಯಿ ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದಳು. ಕಾಲೇಜಿನಲ್ಲಿ ಮಾತ್ರ ಯಾರೂ ಅದನ್ನು ಓದಿದ ಹಾಗಿರಲಿಲ್ಲ. ವಿದ್ಯಾರ್ಥಿಗಳ ಬಾಯಲ್ಲಿ ಅವನು ಕೆಮ್ಮಣ್ಣ. ಪ್ರಾಕ್ಟಿಕಲ್ ನಡೆಯುವಾಗ ಯಾರಿಗೂ ಉತ್ತರ ಹೇಳಿಕೊಡಕೂಡದೆಂದು ವಿಭಾಗದ ಮುಖ್ಯಸ್ಥೆ ಸಿಸ್ಟರ್ ಕಟ್ಟಪ್ಪಣೆ ಮಾಡಿದ್ದರು. ಅವನು ಹೇಳುತ್ತಲೂ ಇರಲಿಲ್ಲ. ಕೈಗಳನ್ನು ಹಿಂದೆ ಕಟ್ಟಿಕೊಂಡು ಮೇಜುಗಳ ನಡುವೆ ಅಡ್ಡಾಡುತ್ತಿದ್ದ. ಯಾರಾದರೂ ತಪ್ಪು ರೀಡಿಂಗ್ ಬರೆದುಕೊಂಡರೆ ಕೆಮ್ಮುತ್ತಿದ್ದ, ಅಷ್ಟೆ. ರಸಾಯನಶಾಸ್ತ್ರಕ್ಕೆ ಹೊಸದಾಗಿ ಬಂದ ಮೇಷ್ಟ್ರೊಬ್ಬರು ಪಾಪ ಅನ್ನಿಸಿ ಅವನಿಗೆ ಎದೆಯ ಡಾಕ್ಟರರ ವಿಳಾಸ ಬರೆದುಕೊಟ್ಟದ್ದೂ ಉಂಟು.

ಹನ್ನೆರಡನೇ ತರಗತಿಯ ಗಣಿತದಲ್ಲಿ ಅವನಿಗೆ ನೂರಕ್ಕೆ ತೊಂಬತ್ತಾರು ಬಂದಿತ್ತು. ಅದೇ ಬೇಸಿಗೆಯಲ್ಲಿ ಬಸ್ಸಿನ ಡ್ರೈವರಾಗಿದ್ದ ತಂದೆ ಹಾಸಿಗೆ ಹಿಡಿದರು. ಎರಡು ವರ್ಷ ಅವರ ಆರೈಕೆ, ಆಮೇಲೆ ಅವರಿಲ್ಲದ ಮನೆ. ಆರು ತಿಂಗಳು ಎಲ್ಲಾದರೂ ಕೆಲಸ ಮಾಡಿ ಓದಿಗೆ ಮರಳಿದರಾಯಿತು ಎಂದುಕೊಂಡು ಈ ಕಾಲೇಜಿನ ಗೇಟು ದಾಟಿದ. ಆರು ತಿಂಗಳು ಹೋಗಿ ಒಂಬತ್ತು ವರ್ಷವಾಯಿತು. ಲೆಕ್ಕದಲ್ಲಿ ಇಷ್ಟು ದೊಡ್ಡ ತಪ್ಪನ್ನು ಬೇರೆ ಯಾರು ಮಾಡಿದ್ದರೂ ಅವನು ಕೆಮ್ಮುತ್ತಿದ್ದ.

ಪ್ರಯೋಗಾಲಯದ ಹಿಂದೆ ಉಪಕರಣಗಳನ್ನಿಡುವ ಕಿರುಕೋಣೆಯೊಂದಿತ್ತು. ಒಂದು ಕಾಲಕ್ಕೆ ದೊಡ್ಡ ಹಜಾರವಾಗಿದ್ದುದನ್ನು ಹಲಗೆಗಳಿಂದ ಎರಡಾಗಿ ಮಾಡಿದ್ದರಿಂದ ಆ ಕೋಣೆಯ ಒಂದು ಗೋಡೆ ಹೆಸರಿಗಷ್ಟೇ ಗೋಡೆ. ಅದರಾಚೆ ಗಣಿತದ ತರಗತಿ. ಪಾಠ ಮಾಡುವವರು ಒಬ್ಬ ಫಾದರ್. ಚಾಪೆಲ್ಲಿನ ಪ್ರಾರ್ಥನೆಯಲ್ಲಿ ಮೆಲ್ಲಗೆ ಮಾತಾಡುವ ಅವರು ಕಲನಶಾಸ್ತ್ರಕ್ಕೆ ಬಂದರೆ ಸಂತೆಯಲ್ಲಿ ನಿಂತವರ ಹಾಗೆ ಗಂಟಲೆತ್ತುತ್ತಿದ್ದರು. ಕೆಮ್ಮಣ್ಣ ಲೆನ್ಸುಗಳನ್ನು ಒರೆಸುವ ಕೆಲಸವನ್ನು ಸರಿಯಾಗಿ ಆ ಹೊತ್ತಿಗೇ ಇಟ್ಟುಕೊಳ್ಳುತ್ತಿದ್ದ. ಈ ಕಾಲೇಜಿನಲ್ಲಿರುವಷ್ಟು ಚೊಕ್ಕವಾದ ಲೆನ್ಸುಗಳು ಬೇರೆಲ್ಲೂ ಇರಲಾರವು.

ಆದರೆ ಗೋಡೆಯಾಚೆಯಿಂದ ದನಿ ಬರುತ್ತದೆಯೇ ಹೊರತು ಕಪ್ಪುಹಲಗೆ ಬರುವುದಿಲ್ಲ. ‘ಈಗ ಇದನ್ನ ಈ ಕಡೆ ತಂದ್ರೆ ಅದು ಹೋಯ್ತು, ಉಳಿದಿದ್ದು ನೋಡಿ ಇಷ್ಟೇ’ ಎಂದು ಫಾದರ್ ಹೇಳುವರು. ಮಕ್ಕಳೆಲ್ಲ ‘ಓ’ ಎನ್ನುವರು. ಯಾವುದು ಬಂತು, ಯಾವುದು ಹೋಯಿತು, ಉಳಿದ ‘ಇಷ್ಟೇ’ ಎಷ್ಟು ಎಂಬುದು ಈಚೆಯವನಿಗೆ ತಿಳಿಯದು. ಗಂಟೆ ಹೊಡೆದೊಡನೆ ಕಿಟಕಿ ಮುಚ್ಚುವ ನೆಪದಲ್ಲಿ ಓಡಿಹೋಗಿ ನೋಡುತ್ತಿದ್ದ. ಫಾದರ್ ಶಿಸ್ತಿನ ಮನುಷ್ಯ, ಹಲಗೆ ಒರೆಸದೆ ಹೊರಗೆ ಕಾಲಿಡುವವರಲ್ಲ. ಮೂಲೆಯಲ್ಲೊಂದು ಆವರಣದ ಅರ್ಧ, ಎಲ್ಲೋ ಒಂದು ವರ್ಗಮೂಲದ ಬಾಲ ಉಳಿದಿದ್ದರೆ ಅದೇ ಭಾಗ್ಯ. ಅದನ್ನು ಅಂಗೈ ಮೇಲೆ ಬರೆದುಕೊಂಡು ಮನೆಗೆ ಹೋಗಿ, ಹಳೆಯ ಪುಸ್ತಕದಲ್ಲಿ ಆ ಬಾಲದ ಪ್ರಾಣಿ ಯಾವುದೆಂದು ಹುಡುಕುವನು. ಉಳಿದವರು ನಾಲ್ಕು ತಿಂಗಳಲ್ಲಿ ಕಲಿತದ್ದು ಅವನಿಗೆ ಎರಡು ವರ್ಷ ಹಿಡಿಯಿತು.

ಕೆಲಸದಲ್ಲಿರುವವರಿಗಾಗಿ ಕಾಲೇಜು ಸಂಜೆಯ ಬಿ.ಎಸ್ಸಿ. ನಡೆಸುತ್ತಿತ್ತು, ಅಲ್ಲೂ ಗಣಿತಕ್ಕೆ ಅದೇ ಫಾದರ್. ಅದರಲ್ಲಿ ಪ್ರತಿ ವರ್ಷ ಒಂದು ಸೀಟು ಕಾಲೇಜಿನ ನೌಕರರಿಗೆ ಮೀಸಲು. ಮೂವತ್ತು ತುಂಬಿರಬಾರದು, ಒಂದು ಬರವಣಿಗೆಯ ಪರೀಕ್ಷೆ, ಒಂದು ಪ್ರಾಕ್ಟಿಕಲ್. ಪ್ರತಿ ವರ್ಷ ಅರ್ಜಿ ತಂದು ಮನೆಯಲ್ಲಿಟ್ಟು, ಇನ್ನಷ್ಟು ತಯಾರಾಗಿ ಬರುವ ವರ್ಷ ಹಾಕೋಣ ಎಂದು ಮುಂದೂಡುತ್ತ ಬಂದಿದ್ದ. ಈ ಸಲ ಇಪ್ಪತ್ತೊಂಬತ್ತು ಮುಗಿಯುವುದರಲ್ಲಿತ್ತು. ಬರುವ ವರ್ಷ ಎಂಬ ಮಾತಿಗೆ ಜಾಗವೇ ಉಳಿದಿರಲಿಲ್ಲ.

“ಅರ್ಜಿ ಹಾಕಿದ್ಯೇನೋ?” ಎಂದಳು ತಾಯಿ. ಶಾಲೆಯ ಸಮವಸ್ತ್ರ ಹೊಲಿಯುವ ಅವಳಿಗೆ ಆ ಬೇಸಿಗೆಯಲ್ಲೇ ಕಣ್ಣಿನ ಆಪರೇಷನ್ ಆಗಿತ್ತು. ಅವನು ಹನ್ನೊಂದು ದಿನ ರಜೆ ಹಾಕಿ ಅವಳ ಕಣ್ಣಿಗೆ ಹನಿ ಬಿಡುತ್ತ ಕೂತಿದ್ದ.

“ಹಾಕ್ತೀನಮ್ಮ.”

“ಹಾಕ್ತೀನಿ ಹಾಕ್ತೀನಿ ಅಂತ ನೀನು ಹೇಳ್ತಾ ಇದ್ದಾಗ್ಲೇ ನನ್ನ ಕಣ್ಣಿಗೆ ಪೊರೆ ಬಂತು. ಈಗ ಪೊರೆ ತೆಗೆದಿದ್ದೂ ಆಯ್ತು. ನಿನ್ನ ಅರ್ಜಿ ಇನ್ನೂ ಅಲ್ಲೇ ಇದೆ.”

ಮರುದಿನ ಹಾಕಿದ. ಅವನಲ್ಲದೆ ಅರ್ಜಿ ಹಾಕಿದವಳು ಒಬ್ಬಳೇ, ಲೈಬ್ರರಿಯಲ್ಲಿ ಪುಸ್ತಕ ಕೊಡುವ ಹುಡುಗಿ. ಇಪ್ಪತ್ನಾಲ್ಕರವಳು, ಅವನನ್ನು ಅಣ್ಣ ಎಂದು ಕರೆಯುತ್ತಿದ್ದಳು. ಅವನು ಕೇಳಿದ ಗಣಿತದ ಪುಸ್ತಕಗಳನ್ನು ಬೇರೆಯವರ ಕೈಗೆ ಹೋಗದಂತೆ ಕೌಂಟರಿನ ಕೆಳಗೆ ಬಚ್ಚಿಟ್ಟು ಕೊಡುತ್ತಿದ್ದವಳೂ ಅವಳೇ.

ಬರವಣಿಗೆಯಲ್ಲಿ ಅವನಿಗೆ ಐವತ್ತಕ್ಕೆ ನಲವತ್ತೊಂದು, ಅವಳಿಗೆ ಮೂವತ್ತೆಂಟು. ಉಳಿದದ್ದು ಇಪ್ಪತ್ತು ಅಂಕದ ಪ್ರಾಕ್ಟಿಕಲ್, ಅದೂ ಭೌತಶಾಸ್ತ್ರದ್ದು, ಅದೂ ಅವನದೇ ಪ್ರಯೋಗಾಲಯದಲ್ಲಿ.

“ಇನ್ನು ನನ್ನ ಕಥೆ ಮುಗೀತು ಬಿಡಿ” ಎಂದಳು ಹುಡುಗಿ ಕಾರಿಡಾರಿನಲ್ಲಿ. “ನಿಮ್ಮನೆ ಅಡುಗೆಮನೇಲಿ ನಿಮ್ಮ ಜೊತೆ ಅಡುಗೆ ಪಂದ್ಯ ಇಟ್ಟ ಹಾಗಾಯ್ತು.”

“ಹೆದರ್ಬೇಡ. ಬೇಕಾದ್ರೆ ಕೆಮ್ತೀನಿ.”

“ಸಿಸ್ಟರ್ ಮುಂದೆ ಕೆಮ್ಮಿದ್ರೆ ಇಬ್ರಿಗೂ ಸೊನ್ನೆ.”

ಪರೀಕ್ಷೆ ಬರೆಯುವವನೇ ಮೇಜು ಜೋಡಿಸುವುದು ಸರಿಯಲ್ಲವೆಂದು ಆ ದಿನ ಸಿಸ್ಟರ್ ರಸಾಯನಶಾಸ್ತ್ರದ ಅಟೆಂಡರನ್ನು ಕರೆಸಿದ್ದರು. ಕಣ್ಣು ಮುಚ್ಚಿ ಒಂದು ಚಿಕ್ಕ ಪ್ರಾರ್ಥನೆ ಹೇಳಿ, ಚೀಟಿಗಳಿದ್ದ ಡಬ್ಬಿಯನ್ನು ಚಾಚಿದರು. ಸ್ಕ್ರೂ ಗೇಜಿನಿಂದ ತಂತಿಯ ದಪ್ಪ ಅಳೆಯಬೇಕು. ಅವನಿಗೆ ಬಂದದ್ದು ನಾಲ್ಕನೇ ನಂಬರಿನ ಗೇಜು. ಒಳಗೊಳಗೇ ನಕ್ಕ.

ಗೇಜಿನ ದವಡೆಗಳನ್ನು ಖಾಲಿ ಮುಚ್ಚಿದಾಗ ಅದು ಸೊನ್ನೆ ತೋರಿಸಬೇಕು. ಹಳೆಯದಾದ ಮೇಲೆ ಕೆಲವು ತೋರಿಸುವುದಿಲ್ಲ. ಎಷ್ಟು ಹೆಚ್ಚು ತೋರಿಸುತ್ತವೋ ಅಷ್ಟನ್ನು ಕೊನೆಗೆ ಕಳೆಯಬೇಕು. ಅಲ್ಲಿದ್ದ ಹನ್ನೆರಡು ಗೇಜುಗಳ ಕೊರತೆಗಳೂ, ಜನರಿಗೆ ತಮ್ಮ ನೆಂಟರಿಷ್ಟರ ಕೋಪತಾಪಗಳು ಗೊತ್ತಿರುವಂತೆ, ಅವನಿಗೆ ಬಾಯಿಪಾಠ. ಏಳನೆಯದು ಬಿಗಿ, ಒಂಬತ್ತನೆಯದು ಸಡಿಲ, ನಾಲ್ಕನೆಯದು ಮೂರು ಗೆರೆ ಹೆಚ್ಚು ತೋರಿಸುತ್ತದೆ. ತಂತಿ ಹಿಡಿಸಿ, ತಿರುಪು ಬಿಗಿದು, ಐದು ಕಡೆ ಅಳೆದು, ಮೂರು ಗೆರೆ ಕಳೆದು, ಉತ್ತರದ ಕೆಳಗೆ ಎರಡು ಗೀಟೆಳೆದ. ಹುಡುಗಿ ಇನ್ನೂ ಖಾಲಿ ದವಡೆ ಮುಚ್ಚಿ ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಅವಳ ನಿಧಾನ ಕಂಡು ಅವನಿಗೆ ಅಯ್ಯೋ ಅನ್ನಿಸಿತು.

ಸಿಸ್ಟರ್ ಅವನ ಹಾಳೆಯನ್ನು ಎರಡು ಸಲ ಓದಿದರು.

“ಮೂರು ಕಳೆದಿದ್ದೀಯ. ಯಾಕೆ?”

“ನಾಲ್ಕನೇ ನಂಬರ್ ಅಲ್ವಾ ಸಿಸ್ಟರ್. ಅದು ಯಾವಾಗ್ಲೂ ಮೂರು ಜಾಸ್ತಿ.”

“ಮುಚ್ಚಿ ನೋಡಿದ್ಯಾ?”

ಸಿಸ್ಟರ್ ಗೇಜನ್ನು ಅವನ ಕೈಗೇ ಕೊಟ್ಟರು. ಮುಚ್ಚಿದ. ಸೊನ್ನೆಯ ಗೆರೆ ಸೊನ್ನೆಯ ಮೇಲೆ ನೆಟ್ಟಗೆ ಕೂತಿತು. ಒಂಬತ್ತು ವರ್ಷದಲ್ಲಿ ಅದು ಅಲ್ಲಿ ಕೂತದ್ದನ್ನು ಅವನು ಕಂಡಿರಲಿಲ್ಲ.

“ಬೇಸಿಗೇಲಿ ರಿಪೇರಿ ಮಾಡ್ಸಿದ್ವಿ. ನೀನು ರಜೆ ಮೇಲಿದ್ದೆ” ಎಂದರು ಸಿಸ್ಟರ್. “ಸ್ಟೋರ್ ಪುಸ್ತಕದಲ್ಲಿ ಬರ್ದಿದೆ.”

ಮೊದಲು ಖಾಲಿ ಮುಚ್ಚಿ ನೋಡಿ, ಆಮೇಲೆ ಅಳೆಯಿರಿ ಎಂಬುದು ಮೊದಲ ದಿನವೇ ಹೇಳಿಕೊಡುವ ಪಾಠ. ಅದನ್ನು ಮರೆತ ನೂರಾರು ಮಕ್ಕಳ ಬೆನ್ನ ಹಿಂದೆ ಅವನು ಕೆಮ್ಮಿದ್ದ. ಅವನ ಬೆನ್ನ ಹಿಂದೆ ಮಾತ್ರ ಆ ದಿನ ಯಾರೂ ಇರಲಿಲ್ಲ.

“ಸಿಸ್ಟರ್, ಇನ್ನೊಂದ್ಸಲ ಅಳೀಲಾ?”

ಸಿಸ್ಟರ್ ಹುಡುಗಿಯ ಕಡೆ ನೋಡಿದರು, ಆಮೇಲೆ ಅವನ ಕಡೆ. “ಬೇರೆ ಯಾರು ಕೇಳಿದಾಗ್ಲೂ ನಾನು ಅದಕ್ಕೆ ಒಪ್ಪಿಲ್ಲ ಕಣಪ್ಪ” ಎಂದರು. ಅವರ ದನಿ ಗಟ್ಟಿಯಾಗಿರಲಿಲ್ಲ.

ಅವನಿಗೆ ಹನ್ನೊಂದು, ಅವಳಿಗೆ ಹದಿನಾರು. ಒಟ್ಟಿನಲ್ಲಿ ಎರಡು ಅಂಕದಿಂದ ಸೀಟು ಅವಳದಾಯಿತು. ನೋಟಿಸ್ ಬೋರ್ಡಿನಲ್ಲಿ ಪಟ್ಟಿ ಅಂಟಿಸುವುದು ಅಟೆಂಡರನ ಕೆಲಸವಾದ್ದರಿಂದ ಅದನ್ನೂ ಅವನೇ ಅಂಟಿಸಿದ. ಮೂಲೆಗಳು ಎದ್ದುಬರದಂತೆ ಹೆಬ್ಬೆರಳಿನಿಂದ ಒತ್ತಿದ.

ಹುಡುಗಿ ಎರಡು ದಿನ ಅವನ ಕಣ್ಣಿಗೆ ಬೀಳಲಿಲ್ಲ. ಮೂರನೆಯ ದಿನ ಕಿರುಕೋಣೆಯ ಬಾಗಿಲಲ್ಲಿ ಬಂದು ನಿಂತಳು.

“ಅಣ್ಣ, ನಾನು ಸೀಟು ಬಿಟ್ಟುಕೊಡ್ಲಾ?”

“ಬಿಟ್ಟುಕೊಟ್ರೆ ನನಗೆ ಬರಲ್ಲ. ಈ ವರ್ಷ ಯಾರಿಗೂ ಇಲ್ಲ ಅಂತಾರೆ. ಸುಮ್ನೆ ಹೋಗಿ ಓದು.”

“ದಿನಾ ನೋಟ್ಸ್ ತಂದುಕೊಡ್ತೀನಿ.”

“ನಿನ್ನ ಅಕ್ಷರ ನೋಡಿದ್ದೀನಮ್ಮ. ಅದಕ್ಕಿಂತ ಗೋಡೇನೇ ವಾಸಿ.”

ಅವಳು ನಗಲು ಹೋಗಿ ಕಣ್ಣು ತುಂಬಿಕೊಂಡಳು. ಅವಳು ಹೋದ ಮೇಲೆ ಅವನು ಅದೇ ಒಂದು ಲೆನ್ಸನ್ನು ಬಹಳ ಹೊತ್ತು ಒರೆಸುತ್ತ ಕೂತ. ಸೀಟು ಸಿಗುವ ಆಸೆ ಇದ್ದಷ್ಟು ದಿನ ಆ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಕೂರಲೇ ಎಂದು ಕೇಳಲು ಅವನಿಗೆ ಅಭಿಮಾನ ಅಡ್ಡ ಬರುತ್ತಿತ್ತು. ಒಳಗೆ ಹೋದರೆ ವಿದ್ಯಾರ್ಥಿಯಾಗಿಯೇ ಹೋಗಬೇಕು, ಪೊರಕೆ ಹಿಡಿದವನಾಗಿ ಅಲ್ಲ ಎಂಬ ಹಠ. ಈಗ ಹಠಕ್ಕೆ ಆಧಾರವೇ ಇರಲಿಲ್ಲ. ಲೆನ್ಸನ್ನು ಪೆಟ್ಟಿಗೆಗೆ ಹಾಕಿ ಫಾದರ್ ಕೋಣೆಗೆ ನಡೆದ.

“ಯಾವ ಬಲ್ಬ್ ಹೋಯ್ತು?” ಎಂದರು ಫಾದರ್ ತಲೆ ಎತ್ತದೆ. ಒಂಬತ್ತು ವರ್ಷದಲ್ಲಿ ಅವನು ಆ ಕೋಣೆಗೆ ಬೇರೆ ಕಾರಣಕ್ಕೆ ಬಂದದ್ದಿಲ್ಲ.

“ಬಲ್ಬ್ ಅಲ್ಲ ಫಾದರ್. ಸಂಜೆ ನಿಮ್ಮ ಕ್ಲಾಸಲ್ಲಿ ಕೂತ್ಕೋಬೇಕು ಅಂತ.”

ಫಾದರ್ ಕನ್ನಡಕ ತೆಗೆದರು. ಅವನು ಗೋಡೆಯ ವಿಷಯ ಹೇಳಿದ. ಲೆನ್ಸು, ಕಿಟಕಿ, ಅಂಗೈ, ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಅದೆಲ್ಲ ಅವನ ಕಿವಿಗೇ ಕಳ್ಳನ ತಪ್ಪೊಪ್ಪಿಗೆಯಂತೆ ಕೇಳಿಸಿತು.

“ನಾನು ಅಷ್ಟು ಜೋರಾಗಿ ಮಾತಾಡ್ತೀನಾ?” ಎಂದರು ಫಾದರ್.

“ಚೆನ್ನಾಗೇ ಕೇಳ್ಸುತ್ತೆ ಫಾದರ್.”

“ನೋಡಪ್ಪ, ರಿಜಿಸ್ಟರಲ್ಲಿ ನಿನ್ನ ಹೆಸರಿರಲ್ಲ. ಪರೀಕ್ಷೆಗೆ ಕೂರ್ಸೋಕಾಗಲ್ಲ. ಮೂರು ವರ್ಷ ಕೂತ್ರೂ ಕೊನೇಲಿ ಒಂದು ಕಾಗದದ ಚೂರೂ ಸಿಗಲ್ಲ. ಗೊತ್ತಿದೆಯಾ?”

“ಗೊತ್ತಿದೆ.”

“ಹಾಗಾದ್ರೆ ಯಾಕೆ?”

“ಹಲಗೆ ಕಾಣುತ್ತಲ್ಲ ಫಾದರ್.”

ಫಾದರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಐದೂವರೆಗೆ” ಎಂದರು. “ತಡ ಆದ್ರೆ ಒಳಗೆ ಬಿಡಲ್ಲ.”

ಸೋಮವಾರ ಐದೂಕಾಲಿಗೇ ಹೋಗಿ ಕೊನೆಯ ಬೆಂಚಿನ ತುದಿಯಲ್ಲಿ ಕೂತ. ತಾಯಿ ಇಸ್ತ್ರಿ ಮಾಡಿಕೊಟ್ಟ ಅಂಗಿ, ಹೊಸ ಪುಸ್ತಕ. ಬಂದವರಲ್ಲಿ ಬ್ಯಾಂಕಿನ ಗುಮಾಸ್ತರಿದ್ದರು, ನರ್ಸುಗಳಿದ್ದರು. ಒಬ್ಬರು ಅವನನ್ನು ನೋಡಿ ಫ್ಯಾನ್ ಹಾಕಲು ಹೇಳಿದರು. ಎದ್ದು ಹಾಕಿ ಬಂದು ಕೂತ. ಲೈಬ್ರರಿಯ ಹುಡುಗಿ ಅವನ ಎದುರಿನ ಬೆಂಚಿನಲ್ಲಿದ್ದಳು.

ಫಾದರ್ ಬಂದರು, ಪ್ರಾರ್ಥನೆ ಮುಗಿಸಿ ರಿಜಿಸ್ಟರ್ ತೆರೆದರು. ಒಂದು. ಎರಡು. ಒಬ್ಬೊಬ್ಬರಾಗಿ ಓಗೊಟ್ಟರು. ಸಂಖ್ಯೆ ಹಿಂದಿನ ಬೆಂಚುಗಳತ್ತ ಬರುತ್ತಿದ್ದ ಹಾಗೆ ಅವನಿಗೆ ಗೊತ್ತಿಲ್ಲದೆಯೇ ಅವನ ಬೆನ್ನು ನೆಟ್ಟಗಾಯಿತು. ಇಪ್ಪತ್ತೆರಡು. ಇಪ್ಪತ್ತಮೂರು. ಕೊನೆಯ ಸಂಖ್ಯೆಯಾದ ಇಪ್ಪತ್ನಾಲ್ಕಕ್ಕೆ ಲೈಬ್ರರಿಯ ಹುಡುಗಿ ‘ಪ್ರೆಸೆಂಟ್ ಫಾದರ್’ ಎಂದಳು, ಬಹಳ ಮೆಲ್ಲಗೆ.

ಅವನ ಬಾಯಲ್ಲೂ ಅದೇ ಮಾತು ಸಿದ್ಧವಾಗಿತ್ತು. ಫಾದರ್ ಪೆನ್ನಿಗೆ ಮುಚ್ಚಳ ಹಾಕಿ ರಿಜಿಸ್ಟರ್ ಮುಚ್ಚಿದರು. ಸೀಮೆಸುಣ್ಣ ಹಿಡಿದು ಹಲಗೆಯ ಕಡೆ ತಿರುಗಿದರು. ಅವನು ಮಾತನ್ನು ನುಂಗಿಕೊಂಡು ಪುಸ್ತಕ ತೆರೆದ.